ಗುಂಡೇಟು ಕಲಿಸಿದ ಪಾಠ

'ನೋಡುವುದು ಕಣ್ಣು, ಕಾಣುವುದು ಮಿದುಳು' ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆ ಮಾತಿನ ಹಿಂದೆ ಗಾಯಾಳು ಸೈನಿಕರ ನೋವಿನ ಚರಿತ್ರೆಯಿದೆ. ಪಾಠ ಮುಗಿಸುವ ಅವಸರದಲ್ಲಿ ಅದನ್ನು ಹೇಳಲಾಗಲಿಲ್ಲ.

1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ರಷ್ಯನ್ನರು ಬಳಸಿದ ಗುಂಡುಗಳು ಚಿಕ್ಕವು, ಅತಿ ವೇಗದವು. ಅವು ತಲೆಯನ್ನು ನೇರವಾಗಿ ತೂರಿ ಹೊರಬಿದ್ದರೂ ಕೆಲವು ಜಪಾನೀ ಸೈನಿಕರು ಬದುಕುಳಿದರು. ಕಣ್ಣಿಗೆ ಪೆಟ್ಟಿಲ್ಲದಿದ್ದರೂ ಅವರ ನೋಟದ ಒಂದು ಭಾಗ ಅಳಿದುಹೋಗಿತ್ತು. ಪಿಂಚಣಿಯ ನಿರ್ಧಾರಕ್ಕಾಗಿ ಅವರನ್ನು ಪರೀಕ್ಷಿಸಿದವರು ಯುವ ನೇತ್ರವೈದ್ಯ ತಾತ್ಸುಜಿ ಇನೊಯೆ. ಗುಂಡು ಹೊಕ್ಕ ಮತ್ತು ಹೊರಟ ಗುರುತುಗಳಿಂದ ಅದರ ಹಾದಿಯನ್ನು ಲೆಕ್ಕಹಾಕಿ, ಕಳೆದುಹೋದ ನೋಟದೊಡನೆ ಅವರು ಹೋಲಿಸಿದರು. ಮಿದುಳಿನ ಹಿಂಭಾಗದಲ್ಲಿ ಕಣ್ಣೆದುರಿನ ಜಗತ್ತಿನ ನಕ್ಷೆಯೇ ಇದೆಯೆಂದೂ, ನೋಟದ ನಡುಭಾಗಕ್ಕೆ ಅಲ್ಲಿ ಹೆಚ್ಚು ಸ್ಥಳವಿದೆಯೆಂದೂ 1909ರಲ್ಲಿ ಪ್ರಕಟಿಸಿದರು.

1917ರಲ್ಲಿ ಬ್ರಿಟನ್ನಿನ ವೈದ್ಯ ಜಾರ್ಜ್ ರಿಡಾಕ್ ಮತ್ತೊಂದು ಸೋಜಿಗವನ್ನು ವರದಿ ಮಾಡಿದರು. ಇಂತಹ ಕೆಲವು ಗಾಯಾಳುಗಳಿಗೆ ಕುರುಡಾದ ಭಾಗದಲ್ಲಿ ವಸ್ತು ಕಾಣದಿದ್ದರೂ ಅದರ ಚಲನೆ ತಿಳಿಯುತ್ತಿತ್ತು. 1974ರಲ್ಲಿ ಲಾರೆನ್ಸ್ ವೈಸ್‌ಕ್ರಾಂಟ್ಸ್ ಮತ್ತು ಸಂಗಡಿಗರು ವರ್ಣಿಸಿದ 'ಡಿ.ಬಿ.' ಎಂಬ ರೋಗಿಯ ಸಂಗತಿ ಇನ್ನೂ ವಿಚಿತ್ರ. ಶಸ್ತ್ರಚಿಕಿತ್ಸೆಯಿಂದ ಆತನ ಎಡಬದಿಯ ನೋಟ ಹೋಗಿತ್ತು. 'ನನಗೇನೂ ಕಾಣುತ್ತಿಲ್ಲ' ಎನ್ನುತ್ತಿದ್ದ ಆತ, ಊಹಿಸಿ ತೋರಿಸೆಂದಾಗ ಬೆಳಕಿನ ಸ್ಥಾನವನ್ನು ಬಹುಮಟ್ಟಿಗೆ ಸರಿಯಾಗಿಯೇ ತೋರಿಸುತ್ತಿದ್ದ!

ಅಂದರೆ, ಮಿದುಳು ಕಂಡದ್ದೆಲ್ಲವೂ ನಮ್ಮ ಅರಿವಿಗೆ ಬರುವುದಿಲ್ಲ. ನನ್ನ ಪಾಠದ ವಾಕ್ಯ ಅಪೂರ್ಣವಾಗಿತ್ತು. ನರಕೋಶಗಳ ಚಟುವಟಿಕೆ 'ನಾನು ಕಂಡೆ' ಎಂಬ ಅನುಭವವಾಗುವ ಬಗೆ ಇಂದಿಗೂ ಬಿಡಿಸಲಾಗದ ಒಗಟು. ತಡವಾಗಿಯಾದರೂ ಈ ತಿದ್ದುಪಡಿಯನ್ನು ನಿಮ್ಮ ಹಳೆಯ ನೋಟುಪುಸ್ತಕದಲ್ಲಿ ಬರೆದುಕೊಳ್ಳಿ.