ಕೂಸಿನ ಮೈಗುಣ

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯ ಸುತ್ತಣ ಬಯಲುಸೀಮೆಯಲ್ಲಿ ಬಾಣಂತಿಯ ಕೂಸಿಗೆ ಎರೆಯುವ ಹಿರಿಯ ಹೆಂಗಸರು ಮಗುವಿನ ಮೈಮೇಲೆ ಕೈಯಾಡಿಸಿ, "ಇದು ಉಷ್ಣದ ಮೈ", "ಇದು ಶೀತದ ಮೈ" ಎಂದು ಹೇಳುವುದುಂಟು. ಎಣ್ಣೆ ಯಾವುದು, ನೀರಿನ ಬಿಸಿ ಎಷ್ಟು, ಬಜೆಯನ್ನು ಕಲ್ಲಿನ ಮೇಲೆ ಎಷ್ಟು ಸುತ್ತು ತೇಯಬೇಕು ಎಂಬುದೆಲ್ಲ ಆ ಮಾತಿನಿಂದಲೇ ತೀರ್ಮಾನವಾಗುತ್ತದೆ. ನಾನು ವೈದ್ಯನಲ್ಲ, ಹಳಗನ್ನಡದ ಪಾಠ ಹೇಳಿ ನಿವೃತ್ತನಾದವನು. ಆದರೂ ಈ ಸಣ್ಣ ಮಾತಿನ ಹಿಂದೆ ಎಷ್ಟು ದೀರ್ಘವಾದ ಚರಿತ್ರೆಯಿದೆ ಎಂಬುದು ನನ್ನನ್ನು ಬಹುಕಾಲದಿಂದ ಸೆಳೆದಿದೆ.

ಆಯುರ್ವೇದದ ಎಂಟು ಅಂಗಗಳಲ್ಲಿ ಶಿಶುಗಳ ವೈದ್ಯವೂ ಒಂದು. ಅದಕ್ಕೆ ಕೌಮಾರಭೃತ್ಯವೆಂದು ಹೆಸರು. ವಾತ, ಪಿತ್ತ, ಕಫಗಳು ಒಂದೊಂದಾಗಿ, ಎರಡೆರಡಾಗಿ, ಮೂರೂ ಸಮವಾಗಿ ಕೂಡುವ ಬಗೆಯಿಂದ ಮನುಷ್ಯರ ಪ್ರಕೃತಿ ಏಳು ವಿಧವೆಂದು ಸುಶ್ರುತ ಸಂಹಿತೆ ಎಣಿಸುತ್ತದೆ. ಈ ಪ್ರಕೃತಿ ಗರ್ಭದಲ್ಲಿಯೇ ನಿಶ್ಚಯವಾಗುತ್ತದೆಂಬುದು ಅದರ ಮತ. ಇದರ ಮೇಲೆ ವಯಸ್ಸಿನ ಗುಣವೂ ಸೇರುತ್ತದೆ: ಬಾಲ್ಯ ಕಫದ ಕಾಲ, ನಡುಹರೆಯ ಪಿತ್ತದ ಕಾಲ, ಮುಪ್ಪು ವಾತದ ಕಾಲ. ಹಾಲನ್ನೇ ಕುಡಿಯುವ ಮಗು ಕ್ಷೀರಪ, ಹಾಲು ಅನ್ನ ಎರಡನ್ನೂ ಉಣ್ಣುವುದು ಕ್ಷೀರಾನ್ನಾದ, ಅನ್ನಕ್ಕೆ ನಿಂತದ್ದು ಅನ್ನಾದ. ನಾಡಿನ ಗುಣವನ್ನೂ ಶಾಸ್ತ್ರ ಮರೆತಿಲ್ಲ. ಮಳೆ ಕಡಿಮೆಯಾದ ಒಣನೆಲ ಜಾಂಗಲ. ಅಲ್ಲಿ ವಾತ ಹೆಚ್ಚು. ವಾತಕ್ಕೆ ಎಣ್ಣೆಯೇ ಮದ್ದು. ಚಿತ್ರದುರ್ಗದ ಸೀಮೆಯ ಎಣ್ಣೆನೀರಿನ ಹಿಂದೆ ಇಂಥದೊಂದು ತರ್ಕವನ್ನು ಕಾಣುವುದು ಕಷ್ಟವಲ್ಲ.

ಈ ವಿದ್ಯೆ ಸಂಸ್ಕೃತದಲ್ಲಿಯೇ ಉಳಿಯಲಿಲ್ಲವೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ತನ್ನ 'ಲೋಕೋಪಕಾರ'ದಲ್ಲಿ ಬೇಸಾಯ, ಅಡಿಗೆಗಳ ಜೊತೆಗೆ ವೈದ್ಯವನ್ನೂ ಸೇರಿಸಿದನು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ 'ಕಲ್ಯಾಣಕಾರಕ'ವನ್ನು ಕನ್ನಡಕ್ಕೆ ತಂದನು. ಮದ್ಯಮಾಂಸಗಳ ಸೋಂಕಿಲ್ಲದ ಚಿಕಿತ್ಸೆ ಅದರ ವಿಶೇಷ. ಸುಮಾರು 1200ರಲ್ಲಿದ್ದ ದೇವೇಂದ್ರಮುನಿಯ ಗ್ರಂಥವಂತೂ ಮಕ್ಕಳಿಗೇ ಮೀಸಲು. ಅದರ ಹೆಸರು 'ಬಾಲಗ್ರಹಚಿಕಿತ್ಸೆ'. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ' ಇಂಥ ಶಾಸ್ತ್ರಕಾರರನ್ನು ಕವಿಗಳ ಪಂಕ್ತಿಯಲ್ಲಿಯೇ ಕೂರಿಸಿತು. ಕಾವ್ಯವನ್ನು ಮಾತ್ರ ಓದುವ ನಾವು ಆ ಪುಟಗಳನ್ನು ಮಗುಚಿಹಾಕಿ ಮುಂದೆ ಹೋಗುತ್ತೇವೆ.

'ಬಾಲಗ್ರಹ' ಎಂಬ ಮಾತು ನಮ್ಮನ್ನು ಸ್ವಲ್ಪ ತಡೆಯಬೇಕು. ಸುಶ್ರುತವು ಮಕ್ಕಳನ್ನು ಹಿಡಿಯುವ ಒಂಬತ್ತು ಗ್ರಹಗಳನ್ನು ಹೇಳುತ್ತದೆ. ಅವುಗಳಲ್ಲಿ ಒಬ್ಬಳು ಪೂತನಿ. ಭಾಗವತದ ಕಥೆಯಲ್ಲಿ ಶಿಶುಕೃಷ್ಣನಿಗೆ ವಿಷದ ಮೊಲೆಯೂಡಲು ಬಂದವಳೂ ಪೂತನಿಯೇ. ಕಾರಣ ತಿಳಿಯದೆ ಹಸುಗೂಸು ಕೈಬಿಟ್ಟುಹೋಗುತ್ತಿದ್ದ ಕಾಲದಲ್ಲಿ ತಾಯಂದಿರ ಭಯವು ಕಾವ್ಯದಲ್ಲಿ ರಾಕ್ಷಸಿಯಾಗಿ, ಶಾಸ್ತ್ರದಲ್ಲಿ ಗ್ರಹವಾಗಿ ರೂಪು ತಳೆದಂತಿದೆ. ವೈದ್ಯನ ವಿದ್ಯೆ ಎಲ್ಲಿ ಮುಗಿಯುತ್ತಿತ್ತೋ ಅಲ್ಲಿ ಗ್ರಹ ಆರಂಭವಾಗುತ್ತಿತ್ತು.

ಚೀನದೇಶದಲ್ಲಿಯೂ ಇದಕ್ಕೆ ಹೋಲುವ ಪರಂಪರೆಯೊಂದಿದೆ. ಸುಂಗ್ ರಾಜವಂಶದ ಕಾಲದ ಛಿಯೆನ್ ಯೀ ಎಂಬ ವೈದ್ಯನ ಶಿಶುಚಿಕಿತ್ಸೆಯನ್ನು ಅವನ ತರುವಾಯ, 1119ರಲ್ಲಿ, ಗ್ರಂಥವಾಗಿ ಸಂಗ್ರಹಿಸಿದರು. ದೊಡ್ಡವರಿಗೆ ಕೊಡುತ್ತಿದ್ದ ಎಂಟು ದ್ರವ್ಯಗಳ ಗುಳಿಗೆಯೊಂದರಿಂದ ಆತ ಎರಡು ಉಷ್ಣದ್ರವ್ಯಗಳನ್ನು ತೆಗೆದು, ಆರನ್ನು ಮಾತ್ರ ಉಳಿಸಿದನು. ಮಗುವಿನ ಮೈಯಲ್ಲಿ ಬೆಚ್ಚನೆಯ ಚೈತನ್ಯ ಮೊದಲೇ ತುಂಬಿದೆ, ಅದನ್ನು ಇನ್ನಷ್ಟು ಕೆರಳಿಸಬಾರದು ಎಂಬುದು ಅವನ ಎಣಿಕೆ. ಮಗುವೆಂದರೆ ಚಿಕ್ಕ ಅಳತೆಯ ದೊಡ್ಡವನಲ್ಲ ಎಂಬ ಅರಿವು ಎರಡು ನಾಡುಗಳಲ್ಲಿಯೂ ಮೂಡಿತ್ತು. ಅದೇ ಚೀನದಲ್ಲಿ 2009ರಲ್ಲಿ ವೈದ್ಯಸಂಘವೊಂದು ದೇಹಪ್ರಕೃತಿಗಳನ್ನು ಒಂಬತ್ತಾಗಿ ವಿಂಗಡಿಸಿ ಪ್ರಮಾಣಪಟ್ಟಿಯನ್ನೇ ಹೊರಡಿಸಿತು.

ಈಗ ನಮ್ಮ ಮನೆಗಳಿಗೆ ಬರೋಣ. ನೇಪಾಳದಲ್ಲಿ ದೊರೆತ ಹಸ್ತಪ್ರತಿಯಿಂದ 1938ರಲ್ಲಿ ಅಚ್ಚಾದ 'ಕಾಶ್ಯಪ ಸಂಹಿತೆ' ಕೌಮಾರಭೃತ್ಯದ ಮುಖ್ಯ ಗ್ರಂಥ. ಮಗುವಿಗೆ ಔಷಧವನ್ನು ನೆಕ್ಕಿಸುವ 'ಲೇಹನ'ಕ್ಕೆ ಅಲ್ಲಿ ಒಂದು ಅಧ್ಯಾಯವೇ ಇದೆ. ಯಾವ ಮಗುವಿಗೆ ನೆಕ್ಕಿಸಬೇಕು ಎಂಬ ಪಟ್ಟಿಯೊಡನೆ ಯಾವ ಮಗುವಿಗೆ ನೆಕ್ಕಿಸಬಾರದು ಎಂಬ ಪಟ್ಟಿಯನ್ನೂ ಅದು ಕೊಡುತ್ತದೆ. ಜೀರ್ಣಶಕ್ತಿ ಕುಂದಿದ ಮಗು, ಜ್ವರ ಬಂದ ಮಗು ಈ ಎರಡನೆಯ ಪಟ್ಟಿಯವು. ಇಂದು ಪುಷ್ಯ ನಕ್ಷತ್ರದ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಲ್ಲರಿಗೂ ಒಂದೇ ಸ್ವರ್ಣಪ್ರಾಶನದ ಹನಿ ಹಾಕುವುದನ್ನು ಕಂಡಾಗ, ಮೊದಲನೆಯ ಪಟ್ಟಿಯನ್ನು ಹಿಡಿದುಕೊಂಡು ಎರಡನೆಯದನ್ನು ಬಿಟ್ಟೆವಲ್ಲ ಎನಿಸುತ್ತದೆ. ಪ್ರಕೃತಿವಿಚಾರದ ಜೀವವಿದ್ದುದು 'ಯಾರಿಗೆ' ಎಂಬ ಪ್ರಶ್ನೆಯಲ್ಲಿ. ಆ ಪ್ರಶ್ನೆ ಹೋಗಿ ಪದಾರ್ಥ ಮಾತ್ರ ಉಳಿದರೆ ಅದು ಪರಂಪರೆಯಾಗದು, ಸರಕಾಗುತ್ತದೆ.

ಹಾಗೆಂದು ಹಳೆಯದನ್ನೆಲ್ಲ ಕಣ್ಣುಮುಚ್ಚಿ ಹೊತ್ತು ತರಬೇಕೆಂದು ನಾನು ಹೇಳುತ್ತಿಲ್ಲ. ಬಜೆಯಲ್ಲಿರುವ ಅಸರೋನ್ ಎಂಬ ಅಂಶ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಹಾನಿಕರವೆಂದು ಕಂಡುದರಿಂದ ಅಮೆರಿಕವು 1968ರಲ್ಲಿ ಆಹಾರದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ವರ್ಷ ತುಂಬದ ಕೂಸಿಗೆ ಜೇನು ಅಪಾಯವೆಂದು ಇಂದಿನ ವೈದ್ಯರು ಎಚ್ಚರಿಸುತ್ತಾರೆ. ಕಿವಿಮೂಗುಗಳಿಗೆ ಎಣ್ಣೆ ಬಿಡುವುದನ್ನೂ ಅವರು ಬೇಡವೆನ್ನುತ್ತಾರೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಕೂಸಿಗೆ ಜ್ವರ ಬಂದರೆ ಅದು ಉಷ್ಣದ ಮೈಯೋ ಶೀತದ ಮೈಯೋ ಎಂದು ತೂಗುತ್ತ ಕೂರುವ ಹೊತ್ತು ಅದಲ್ಲ. ಆಸ್ಪತ್ರೆಗೆ ನಡೆಯುವ ಹೊತ್ತು.

ಕೆಲವೆಡೆ ಹಳೆಯದೂ ಹೊಸದೂ ಕೈಹಿಡಿದಿವೆ. ಆರನೆಯ ತಿಂಗಳಲ್ಲಿ ಲಘುವಾದ, ಹಿತವಾದ ಅನ್ನವನ್ನು ಉಣಿಸಬೇಕೆಂದು ಸುಶ್ರುತ ಹೇಳುತ್ತದೆ. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಮೇಲೆ ಬಯಲುಸೀಮೆಯ ತಾಯಿ ಕಾಯಿಸಿ ಉಣಿಸುವ ರಾಗಿಸರಿಯ ಹಿಟ್ಟಿನಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿಯಲ್ಲಿರುವುದು ಅದರ ಹತ್ತನೆಯ ಒಂದು ಪಾಲೂ ಇಲ್ಲ.

ಎರೆಯುವ ಹೆಂಗಸರ ಮದ್ದುಗಳಲ್ಲಿ ಕೆಲವನ್ನು ಬಿಡಬೇಕಾದೀತು. ಆದರೆ ಪ್ರತಿಯೊಂದು ಕೂಸನ್ನೂ ಬೇರೆಯೆಂದು ಬಗೆದು, ಮುಟ್ಟಿ, ನೋಡಿ, ನಿದ್ದೆ ಹಸಿವುಗಳನ್ನು ವಿಚಾರಿಸಿ ಮಾತಾಡುವ ಅವರ ವ್ಯವಧಾನವನ್ನು ಬಿಡಬೇಕಾದ ಕಾರಣ ನನಗೆ ಕಾಣದು. ದೇವೇಂದ್ರಮುನಿಯ ಗ್ರಹಗಳು ಇಂದು ನಮಗೆ ಬೇಕಿಲ್ಲ. ಕೂಸುಗಳಿಗಾಗಿಯೇ ಒಂದು ಗ್ರಂಥವನ್ನು ಕನ್ನಡದಲ್ಲಿ ಬರೆದ ಅವನ ಕಾಳಜಿ ಬೇಕು.