ಆಯ್ದ ಬಿಲ್ಡ್ ಮತ್ತು ಆಯ್ದ ಪರೀಕ್ಷೆ

ತಂತ್ರಾಂಶದಲ್ಲಿ ಬದಲಾದ ಫೈಲುಗಳನ್ನೂ ಆ ಬದಲಾವಣೆಯ ಬಿಸಿ ತಟ್ಟುವ ಭಾಗಗಳನ್ನೂ ಮಾತ್ರ ಮತ್ತೆ ಕಂಪೈಲ್ ಮಾಡಿ, ಅವಕ್ಕೆ ಸಂಬಂಧಪಟ್ಟ ಟೆಸ್ಟ್‌ಗಳನ್ನಷ್ಟೇ ಓಡಿಸುವ ಪದ್ಧತಿ. ಏನು ಬದಲಾಯಿತೆಂದು ಪತ್ತೆಹಚ್ಚುವುದು ಇದರಲ್ಲಿ ಸುಲಭದ ಕೆಲಸ. ಬದಲಾದದ್ದನ್ನು ಯಾವುದೆಲ್ಲ ನೆಚ್ಚಿಕೊಂಡಿದೆ ಎಂದು ತಿಳಿಯುವುದೇ ಕಷ್ಟ.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದ ‘ಮೇಕ್’ ಈ ಪದ್ಧತಿಗೆ ಬುನಾದಿ. ‘ಯಾಕ್’ ತಂತ್ರಾಂಶದ ಕರ್ತೃ ಸ್ಟೀವ್ ಜಾನ್ಸನ್ ಒಂದು ದಿನ ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಬೆಳಗಿನ ಹೊತ್ತನ್ನೆಲ್ಲ ಕಳೆದು, ರೇಗಿಕೊಂಡು ಫೆಲ್ಡ್‌ಮನ್ ಕೋಣೆಗೆ ಬಂದರಂತೆ. ತಪ್ಪನ್ನು ಆಗಲೇ ತಿದ್ದಿಯಾಗಿತ್ತು; ತಿದ್ದಿದ ಫೈಲು ಮಾತ್ರ ಕಂಪೈಲ್ ಆಗಿರಲಿಲ್ಲ. ಮೇಕ್ ಹುಟ್ಟಿದ್ದು ಈ ಪೇಚಿನಿಂದಲೇ. ಮೇಕ್‌ನ ಲೆಕ್ಕಾಚಾರ ಸರಳ: ಮೂಲ ಫೈಲಿನ ಸಮಯ ಅದರಿಂದ ಹುಟ್ಟಿದ ಫೈಲಿನ ಸಮಯಕ್ಕಿಂತ ಈಚಿನದಾದರೆ ಮತ್ತೆ ಕಂಪೈಲ್ ಮಾಡು, ಇಲ್ಲವಾದರೆ ಬಿಡು. ಮೇಕ್ ಓದುವ ಫೈಲಿನಲ್ಲಿ ಆದೇಶದ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕೆಂಬ ಅದರ ಕುಖ್ಯಾತ ನಿಯಮ ಉಳಿದುಕೊಂಡದ್ದು, ಆಗಲೇ ಇದ್ದ ಸುಮಾರು ಹನ್ನೆರಡು ಮಂದಿ ಬಳಕೆದಾರರಿಗೆ ತೊಂದರೆಯಾಗದಿರಲೆಂದು. ಆ ದಾಕ್ಷಿಣ್ಯದ ಫಲವನ್ನು ಲೋಕ ಇಂದಿಗೂ ಉಣ್ಣುತ್ತಿದೆ.

ಸಮಯವನ್ನು ನಂಬಿದರೆ ಎರಡು ಎಡವಟ್ಟು. ಗಡಿಯಾರ ಹಿಂದುಮುಂದಾಗಿದ್ದರೆ ಆಗಬೇಕಾದ ಕೆಲಸ ತಪ್ಪುತ್ತದೆ. ಒಂದಕ್ಷರವೂ ಬದಲಾಗದ ಫೈಲನ್ನು ಮತ್ತೆ ಸೇವ್ ಮಾಡಿದರೆ ಬೇಡದ ಕೆಲಸ ಬೀಳುತ್ತದೆ. ಗೂಗಲ್ 2015ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ‘ಬೇಜಲ್’ನಂಥ ಸಾಧನಗಳು ಸಮಯದ ಬದಲು ಫೈಲಿನೊಳಗಿನ ಬರಹದ ಹ್ಯಾಶ್ (ಬರಹದಿಂದಲೇ ಲೆಕ್ಕಹಾಕಿದ ಗುರುತು) ನೋಡುತ್ತವೆ. ಅವಲಂಬನೆಯ ಸಿಕ್ಕು ಅದರಿಂದಲೂ ಬಿಡಲಿಲ್ಲ. ಸಿ ಭಾಷೆಯಲ್ಲಿ ಹಲವು ಫೈಲುಗಳು ಒಳಸೇರಿಸಿಕೊಳ್ಳುವ ಒಂದು ಹೆಡರ್ ಫೈಲು ಮುಟ್ಟಿದರೆ ಸಾವಿರಾರು ಫೈಲುಗಳು ಮತ್ತೆ ಕಂಪೈಲ್ ಆಗಬಹುದು. ಲಿನಕ್ಸ್ ಕರ್ನೆಲ್‌ನ ಹೆಡರ್‌ಗಳ ಈ ಗೋಜಲು ಬಿಡಿಸಲು ಕರ್ನೆಲ್ ಅಭಿವೃದ್ಧಿಕಾರ ಇಂಗೊ ಮೊಲ್ನಾರ್ 2022ರ ಜನವರಿಯಲ್ಲಿ ಮುಂದಿಟ್ಟ ತಿದ್ದುಪಡಿಗಳು 2,297!

ಟೆಸ್ಟ್‌ಗಳನ್ನು ಆಯ್ದು ಓಡಿಸುವ ಸಂಶೋಧನೆ ಬೇರೆಯೇ ದಾರಿಯಲ್ಲಿ ಬೆಳೆಯಿತು. ತಪ್ಪನ್ನು ತೋರಿಸಬಲ್ಲ ಒಂದು ಟೆಸ್ಟೂ ಕೈಬಿಟ್ಟುಹೋಗದಂತೆ ಆರಿಸುವ ವಿಧಾನವನ್ನು ಸಂಶೋಧಕರಾದ ಗ್ರೆಗ್ ರಾಥರ್ಮೆಲ್ ಮತ್ತು ಮೇರಿ ಜೀನ್ ಹ್ಯಾರಲ್ಡ್ 1997ರಲ್ಲಿ ಪ್ರಕಟಿಸಿದರು. ಈ ಚರಿತ್ರೆಯಲ್ಲಿ ಕರ್ನಾಟಕದ ಹೆಸರು ಬರುವುದು ಅದೇ ಕವಲಿನಲ್ಲಿ. 2005ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ರಂಜಿತಾ ಭಗವಾನ್ ಮತ್ತಿತರರು 2019ರಲ್ಲಿ ‘ಫಾಸ್ಟ್‌ಲೇನ್’ ಎಂಬ ವ್ಯವಸ್ಥೆಯ ಕುರಿತು ಪ್ರಬಂಧ ಮಂಡಿಸಿದರು. ಹಳೆಯ ಕಮಿಟ್‌ಗಳ (ದಾಖಲಿಸಿದ ಕೋಡ್ ಬದಲಾವಣೆಗಳ) ಮತ್ತು ಟೆಸ್ಟ್‌ಗಳ ದಾಖಲೆಯಿಂದ ಕಲಿತು, ಹೊಸ ಬದಲಾವಣೆಗೆ ಯಾವ ಟೆಸ್ಟ್‌ನ ಫಲಿತಾಂಶವನ್ನು ಓಡಿಸದೆಯೇ ಹೇಳಬಹುದೆಂದು ಅದು ಊಹಿಸುತ್ತದೆ. ಬೃಹತ್ ಇಮೇಲ್ ಸೇವೆಯೊಂದರ ಮೇಲೆ ಪರೀಕ್ಷಿಸಿದಾಗ ಟೆಸ್ಟ್ ಸಮಯದಲ್ಲಿ 18.04% ಉಳಿತಾಯವಾಯಿತು, ಫಲಿತಾಂಶದ ನಿಖರತೆ 99.99% ಇತ್ತು. ರಾಥರ್ಮೆಲ್-ಹ್ಯಾರಲ್ಡ್ ಖಾತರಿ ಕೇಳಿದರು; ಬೆಂಗಳೂರಿನವರು ಸಂಭವನೀಯತೆಗೆ ಒಪ್ಪಿಕೊಂಡರು. ದಿನಕ್ಕೆ ನೂರಾರು ಕಮಿಟ್ ಬೀಳುವ ಕಡೆ ಅದು ವ್ಯವಹಾರಜ್ಞಾನವೇ ಸರಿ.

ಸಣ್ಣ ತಂಡಗಳ ದಿನಬಳಕೆಗೆ ‘ಪ್ರಿ-ಕಮಿಟ್’, ‘ಲಿಂಟ್-ಸ್ಟೇಜ್ಡ್’ ಸಾಧನಗಳಿವೆ. ಇವು ಕಮಿಟ್‌ಗೆ ಸಿದ್ಧವಾದ ಫೈಲುಗಳನ್ನಷ್ಟೇ ತಪಾಸಣೆಗೆ ಕೊಡುತ್ತವೆ. ಸಾಲುಗಳ ಅಂದ ತಿದ್ದಲು ಅಷ್ಟು ಸಾಕು. ಆದರೆ ಒಂದು ಫೈಲಿನಲ್ಲಿ ಫಂಕ್ಷನ್ನಿನ ಹೆಸರು ಬದಲಿಸಿ, ಅದನ್ನು ಕರೆಯುವ ಇನ್ನೊಂದು ಫೈಲನ್ನು ಹಾಗೇ ಬಿಟ್ಟರೆ, ಮೊದಲನೆಯದು ಪಾಸಾಗುತ್ತದೆ. ಎರಡನೆಯದನ್ನು ಯಾರೂ ನೋಡುವುದೇ ಇಲ್ಲ. ರಾತ್ರಿ ಹೊತ್ತು ಇಡೀ ಬಿಲ್ಡ್ ಓಡಿಸುವ ಹಳೆಯ ರೂಢಿಯನ್ನು ಹಲವು ತಂಡಗಳು ಈಗಲೂ ಬಿಡದಿರುವುದು ಇದಕ್ಕೇ.