ಜಾಲತಾಣದ ಮಾರ್ಗವಿನ್ಯಾಸ

ಜಾಲತಾಣವೊಂದರ ಪುಟಗಳನ್ನು ವರ್ಗೀಕರಿಸಿ, ಅವುಗಳಿಗೆ ತಕ್ಕ ಹೆಸರಿಟ್ಟು, ಬೇಕಾದ ಮಾಹಿತಿ ಬಳಕೆದಾರರಿಗೆ ಅಲೆದಾಟವಿಲ್ಲದೆ ದೊರೆಯುವಂತೆ ಕೊಂಡಿಗಳಿಂದ ಜೋಡಿಸುವ ಯೋಜನೆಯನ್ನು ಮಾರ್ಗವಿನ್ಯಾಸ ಅಥವಾ ನ್ಯಾವಿಗೇಷನ್ ವಿನ್ಯಾಸ ಎನ್ನುತ್ತಾರೆ. ಮುಖಪುಟದಿಂದ ವಿಭಾಗ, ವಿಭಾಗದಿಂದ ಉಪವಿಭಾಗ ಎಂದು ಕವಲೊಡೆಯುವ ಶ್ರೇಣೀಕೃತ ರಚನೆಯೇ ಹೆಚ್ಚು ಬಳಕೆಯಲ್ಲಿದೆ. ಆದರೆ ಈ ಕವಲುಗಳು ಆಡಳಿತದ ಇಲಾಖೆಗಳನ್ನೇ ಅನುಸರಿಸಿದರೆ, ಪಹಣಿ ಬೇಕಾದ ರೈತ ಅದು ಯಾವ ಇಲಾಖೆಗೆ ಸೇರಿದ್ದೆಂಬುದನ್ನು ಮೊದಲೇ ತಿಳಿದಿರಬೇಕಾಗುತ್ತದೆ. ಈ ದೋಷವನ್ನು ತಪ್ಪಿಸಲು, ವಿಷಯಗಳ ಹೆಸರನ್ನು ಚೀಟಿಗಳಲ್ಲಿ ಬರೆದು ಬಳಕೆದಾರರಿಂದಲೇ ಗುಂಪು ಮಾಡಿಸಿ ನೋಡುವ ಕಾರ್ಡ್ ಸಾರ್ಟಿಂಗ್ ಎಂಬ ಪರೀಕ್ಷೆ ರೂಢಿಯಲ್ಲಿದೆ.

ಒಂದೇ ವಸ್ತುವನ್ನು ಹಲವು ಮುಖಗಳಿಂದ ಹುಡುಕಲು ಅನುವು ಮಾಡಿಕೊಡುವ ಮುಖವಿಶ್ಲೇಷಕ ಪದ್ಧತಿಯ ಬೇರು ಗ್ರಂಥಾಲಯ ವಿಜ್ಞಾನದಲ್ಲಿದೆ. ಮಾರಾಟ ತಾಣಗಳಲ್ಲಿ ಸೀರೆಗಳನ್ನು ಬಣ್ಣ, ನೂಲು, ಬೆಲೆಗಳಿಂದ ಸೋಸಿ ತೋರಿಸುವ ಪಟ್ಟಿ ಇದರ ಪರಿಚಿತ ರೂಪ. ಎಸ್. ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣವು, ಮುಂದೆ ಬೆಳೆದಂತೆ, ಪ್ರತಿ ವಿಷಯವನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲವರ್ಗಗಳ ನೆಲೆಯಲ್ಲಿ ಬಿಡಿಸುವ ಕ್ರಮವನ್ನು ರೂಪಿಸಿತು. ಮುದ್ರಿತ ಪುಸ್ತಕದ ಕಪಾಟಿಗಾಗಿ ಹುಟ್ಟಿದ ಈ ಚಿಂತನೆ ಕಪಾಟಿಗಿಂತ ಗಣಕಕ್ಕೇ ಹೆಚ್ಚು ಒಪ್ಪುತ್ತದೆ, ಏಕೆಂದರೆ ಪುಸ್ತಕಕ್ಕೆ ಒಂದೇ ಜಾಗ, ಪುಟಕ್ಕೆ ಹಲವು ದಾರಿ. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿದೆ.